ಬೇಡ ಅನ್ನುವ ಸಾಲು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹಿಂದೆ
ತಕ್ಕಡಿ ರಿಪೇರಿ ಅಂಗಡಿಯ ಅಟ್ಟದಲ್ಲಿ ಕೂತು
ನಾನು ಕರ್ನಲ್ ಕಟ್ಟುತ್ತೇನೆ.
ಕೆಳಗೆ ಸ್ಕ್ರೂ ತಿರುಗಿಸುವ ಪಿಳ್ಳಣ್ಣ ನಗುತ್ತಾನೆ:
‘ಕಟ್ಟಮ್ಮ, ಕಟ್ಟು. ಎಷ್ಟು ಅಂತಸ್ತು?’

ಸನಾವುಲ್ಲಾ ಸಾಹೇಬರು ಬಿಟ್ಟುಹೋದದ್ದು
ಕಾಲು ಅಲ್ಲಾಡುವ ಕುರ್ಚಿ, ಬೆಸುಗೆ ಕಡ್ಡಿ, ಒಂದು ಫೋಲ್ಡರು.
ಐದು ಸಾವಿರ ಸಾಲಿನ ಒಂದೇ ಕಾನ್ಫಿಗ್ ಅಲ್ಲ,
ಚೂರು ಚೂರು ಫೈಲು, ನಂಬರು ಹಚ್ಚಿದ್ದು.
ಹತ್ತು ಬೋರ್ಡಿಗೆ. ಇಪ್ಪತ್ತು ಪರದೆಗೆ.
ಮೂವತ್ತು ರಸೀದಿ ಪ್ರಿಂಟರಿಗೆ, ಅದೂ ಚಿಂತಾಮಣಿಗೆ ಮಾತ್ರ.
ಮೊದಲು ಬಂದವರು ಏನೇ ಅನ್ನಲಿ
ಕೊನೆಗೆ ಬಂದವನ ಮಾತೇ ನಡೆಯುತ್ತದೆ.

ಎದುರು ಮನೆಯ ಮುಬೀನಾ ಬಿಸಿನೀರಿನ ಬೋಗುಣಿಯಿಂದ
ಎಂಟು ಗೂಡಿನ ಎಳೆ ಹಿಡಿದು ಒಂದೇ ನೂಲಿಗೆ ಕೊಡುತ್ತಾಳೆ.
ಒಳ್ಳೆ ಉಪಮೆ ಸಿಕ್ಕಿತೆಂದು ಮೊದಮೊದಲು ಖುಷಿಪಟ್ಟೆ.
ಈಗ ಹುಳದ ವಾಸನೆ ಮಾತ್ರ ಬರುತ್ತದೆ.

ತೊಂಬತ್ತಕ್ಕೆ ಹೆಸರಿರಲಿಲ್ಲ. ಒಂದೇ ಸಾಲು.
ಮುಂದೊಂದು ಹ್ಯಾಶ್ ಗುರುತು, ಅಂದರೆ ಟಿಪ್ಪಣಿ, ಯಂತ್ರ ಓದದ್ದು:
ಇಂಥದ್ದನ್ನು ಹಾಕಿಲ್ಲ, ಅಂತ.
ಹಾಕಿಲ್ಲ ಅಂತ ಯಾರಾದರೂ ಬರೆದಿಡುತ್ತಾರಾ?
ಮನೆಯಲ್ಲಿ ಆನೆ ಇಲ್ಲ ಎಂದು ಬಾಗಿಲಿಗೆ ಬೋರ್ಡು ಹಾಕಿದ ಹಾಗೆ.
ಅಳಿಸಿದೆ.

ಗುರುವಾರ ಹರಾಜು ಮುಗಿದು ತೂಕಕ್ಕಿಟ್ಟರೆ
ದಿಬ್ಬೂರಹಳ್ಳಿಯ ಒಂದು ಜಾಲರಿ ಹಳದಿ ಗೂಡು
ಎಂಬತ್ತೆಂಟು ಸಾವಿರ ಕೆಜಿ.
ರೀಲರುಗಳು ನಕ್ಕರು. ಗೂಡು ತಂದ ನಾರೆಪ್ಪ ನಗಲಿಲ್ಲ.
ತೂಕ ಬರುವ ತಂತಿಯಲ್ಲಿ ಕರ್ನಲ್ ಮಾತಾಡುತ್ತಿತ್ತು,
ನಿದ್ದೆಯಿಂದ ಏಳುವಾಗಿನ ಗೊಣಗಾಟವೆಲ್ಲ
ಅಂಕಿಗಳ ನಡುವೆ ಸುರಿದು.

ಫೋನು ಮಾಡಿದೆ.
ಕಣ್ಣಿನ ಆಪರೇಷನ್ ಆಗಿ ಮಲಗಿದ್ದವರು ಪೂರ್ತಿ ಕೇಳಲಿಲ್ಲ.
‘ತೊಂಬತ್ತು ತೆಗೆದೆಯಾ?’
ಹೂಂ.
‘ಟಿಪ್ಪಣಿ ಥರಾ ಕಾಣುತ್ತೆ, ಟಿಪ್ಪಣಿ ಅಲ್ಲ.
ಅದನ್ನು ಅದು ಓದುತ್ತೆ.
ನೀನು ಸುಮ್ಮನಿದ್ದರೆ ಹೂಂ ಅಂದುಕೊಳ್ಳುತ್ತೆ ಮಗಾ.
ಬೇಡದ್ದನ್ನ ಬಾಯಿ ಬಿಟ್ಟು ಬೇಡ ಅನ್ನಬೇಕು.’

ಸಾಲು ವಾಪಸ್ ಬರೆದೆ.
ಕಟ್ಟಿ ಮುಗಿಯಲು ನಲವತ್ತು ನಿಮಿಷ.
ಗೌರಿಬಿದನೂರಿನ ಚಿಕ್ಕಮ್ಮನ ಮೆಸೇಜು
ಹತ್ತು ದಿನದಿಂದ ಹಾಗೇ ಇತ್ತು:
‘ಹುಡುಗನ ಕಡೆಯವರು ಕೇಳ್ತಿದ್ದಾರೆ. ನೀನು ಏನೂ ಅನ್ನಲಿಲ್ಲ ಅಂದ್ರೆ’
ಅಲ್ಲಿಗೆ ನಿಂತಿತ್ತು.
ಎರಡೇ ಅಕ್ಷರ ಟೈಪು ಮಾಡಿದೆ.

ಕೆಳಗೆ ಪಿಳ್ಳಣ್ಣ ಹಳೆಯ ಕಬ್ಬಿಣದ ಬಟ್ಟುಗಳನ್ನು
ಗೋಣಿಚೀಲದಿಂದ ಸುರಿದು ತಡಕುತ್ತಿದ್ದ.
ಐದು ಕೆಜಿಯದು ಕಾಣುತ್ತಿಲ್ಲವಂತೆ.