ಎಡಚ

ಡನೀಡನ್ನಿನ ಚಳಿಗೆ ಬಾಗಿಲು ಕಿಟಕಿ ಲೆಕ್ಕಕ್ಕಿಲ್ಲ.
ನಮ್ಮ ಬಾಡಿಗೆ ಮನೆಯೊಳಗೆ ಉಸಿರು ಕಣ್ಣಿಗೆ ಕಾಣುತ್ತದೆ,
ಬೆಣ್ಣೆ ಕಲ್ಲಾಗುತ್ತದೆ, ಗೋಡೆಗೆ ಹಿಡಿದ ಬೂಷ್ಟು
ಯಾವುದೋ ದೇಶದ ನಕ್ಷೆ ಬರೆಯುತ್ತದೆ.
ನಾನು ಲೈಬ್ರರಿಗೆ ಹೋಗತೊಡಗಿದ್ದು ಓದಲಿಕ್ಕಲ್ಲ,
ಸುಮ್ಮನೆ ಬೆಚ್ಚಗಿರಲಿಕ್ಕೆ.
ಕಾಲು ಬಿಸಿಯಾಗುವಷ್ಟರಲ್ಲಿ ಕೈಗೆ ಸಿಕ್ಕ ಪುಸ್ತಕ
ಅರ್ಧ ಮುಗಿದಿರುತ್ತಿತ್ತು.
ಹಾಗೇ ಕೆಟ್ಟೆ.

ಕಥೆ ಬರೆಯುವ ತರಗತಿ ಗುರುವಾರ ಎರಡಕ್ಕೆ.
ಒಂದು ಮೇಜು, ಒಂಬತ್ತು ಜನ, ಟಕಟಕ ಎನ್ನುವ ಹೀಟರು.
ಮೊರ್ವೆನಾ ಟಲಕ್ ಮೇಡಂ
ವಿಶೇಷಣ ಕಂಡರೆ ಹೇನು ಕುಕ್ಕಿದಂತೆ ಕುಕ್ಕುವವರು.
ಉಳಿದವರೋ, ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ
ಪಳಗಿದ ಕೈಗಳು:
‘ಚೆನ್ನಾಗಿದೆ, ಆದರೂ...’
‘ಇಷ್ಟವಾಯಿತು, ಏನೋ ಒಂದು...’

ಮೇ ತಿಂಗಳಲ್ಲಿ ನನ್ನ ಸರದಿ.
ಎರಡು ಬೇಸಿಗೆ ದುಡಿದ ಮಾಂಸದ ಕಾರ್ಖಾನೆಯನ್ನು ಬರೆದಿದ್ದೆ:
ಕೊಕ್ಕೆಗೆ ತೂಗಿ ಸಾಲಾಗಿ ಬರುವ ಕುರಿ,
ಉಗುರಿನ ಸಂದಿಯಲ್ಲಿ ಹೆಪ್ಪುಗಟ್ಟುವ ಕೊಬ್ಬು,
ಬೆರಳು ಹೋದ ದಿನವೂ ಸಿಳ್ಳೆ ಹಾಕುತ್ತಿದ್ದ ಬರ್ಟಿ ಮುದುಕ.
‘ನಂಬಲಿಕ್ಕಾಗುವುದಿಲ್ಲ,’ ಅಂದರು, ಈ ಸಲ ನೇರವಾಗಿ.
‘ಸಿಳ್ಳೆ ಅತಿಯಾಯಿತು,’ ಅಂದ ವಕೀಲರ ಮಗ.
ಬರ್ಟಿ ಸಿಳ್ಳೆ ಹಾಕಿದ್ದು ನಿಜ. ಆದರೆ
ಹಾಳೆಯ ಪಕ್ಕ ನಿಂತು ಸಾಕ್ಷಿ ಹೇಳಲಾದೀತೇ?

ಜೂನಿನಲ್ಲಿ ಸೆಫಿನಾ ಲೇವಾಸಾ ಓದಿದಳು.
ಅವಳದೂ ಅದೇ ಕಾರ್ಖಾನೆ! ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ
ಮಗಳ ಕೂದಲು ಮುಟ್ಟಲು ಹೆದರಿ
ಮೂರು ಸಲ ಕೈ ತೊಳೆಯುತ್ತಾನೆ. ಅಷ್ಟೇ ಕಥೆ.
ನನ್ನ ಉಗುರಿನ ಕೊಬ್ಬು
ಅವಳ ಪುಟದಲ್ಲಿ ಬಿಸಿನೀರಿಗೆ ಕರಗುತ್ತಿತ್ತು.
ಹೀಟರು ಕೂಡ ಸುಮ್ಮನಾಯಿತು.
ವಕೀಲರ ಮಗ ಕನ್ನಡಕ ತೆಗೆದು ಒರೆಸಿಕೊಂಡ.
‘ಬಾಳಿ ಬಂದವರಷ್ಟೇ ಹೀಗೆ ಬರೆದಾರು,’ ಎಂದಿತು ಒಂದು ದನಿ.

ಸೆಫಿನಾ ಹಾಳೆ ಜೋಡಿಸುತ್ತ ಅಂದಳು:
‘ನಮ್ಮಪ್ಪ ಗಣಿತದ ಮೇಷ್ಟ್ರು. ಕುರಿ ಕಂಡರೆ ಮಾರು ದೂರ.
ಲೈಬ್ರರಿಯಲ್ಲಿ ಕೂತು ಕಟ್ಟಿದ್ದು ಇದೆಲ್ಲ.’

ಆಗ ನೋಡಬೇಕಿತ್ತು ಮುಖಗಳನ್ನು,
ಕೊಟ್ಟ ಕಣ್ಣೀರು ವಾಪಸು ಕೇಳುವ ಸಾಲಗಾರರ ಹಾಗೆ.
ಮೇಡಂ ಮಾತ್ರ ನಕ್ಕರು, ಕೆಮ್ಮು ಬರುವ ತನಕ.

ನನಗೆ ಎರಡನೇ ಪುಟದಲ್ಲೇ ಗೊತ್ತಾಗಿತ್ತು.
ಲೀತ್ ಹೊಳೆಯ ಸೇತುವೆಯ ಮೇಲೆ ಅವಳನ್ನು ನಿಲ್ಲಿಸಿ ಹೇಳಿದೆ:
‘ಚಾಕು ಮಸೆಯುವಾಗ ಮಸೆಗೋಲು ಬಲಗೈಯಲ್ಲಿದೆ.
ಎಡಗೈಯಲ್ಲಿರಬೇಕು. ಯಾರೂ ಹಾಗೆ ಹಿಡಿಯುವುದಿಲ್ಲ.’
ಅವಳು ಒಂದು ಗಳಿಗೆ ನೀರು ನೋಡಿದಳು.
‘ಅವನು ಎಡಚ,’ ಅಂದಳು.

ಆ ಗಳಿಗೆಗೆ ಎಡಚನಾದ, ಇಲ್ಲದ ಆ ಅಪ್ಪ.
ನನ್ನ ಕಣ್ಣೆದುರೇ ಚಾಕು ಕೈ ಬದಲಾಯಿತು,
ಮಗಳ ಬೂಟಿನ ದಾರ ತಿರುಗಾಮುರುಗಾ ಕಟ್ಟಿದ,
ಸಾಲಿನಲ್ಲಿ ಪಕ್ಕದವನ ಮೊಣಕೈಗೆ ತಾಗಿ ಬೈಸಿಕೊಂಡ.
ಸೆಫಿನಾ ಅಂಗೈ ಮೇಲೆ ಪೆನ್ನಿನಿಂದ ಏನನ್ನೋ ಗೀಚಿಕೊಂಡು
ಬಸ್ಸಿಗೆ ಓಡಿದಳು. ಥ್ಯಾಂಕ್ಸೂ ಇಲ್ಲ.

ಆ ರಾತ್ರಿ ಕಂಬಳಿ ಹೊದ್ದು, ಉಸಿರು ಕಾಣುವ ಕೋಣೆಯಲ್ಲಿ,
ನನ್ನ ಕಥೆ ತೆಗೆದೆ.
ಬರ್ಟಿಗೆ ಅವನ ಬೆರಳು ವಾಪಸು ಕೊಟ್ಟೆ.
ಸಿಳ್ಳೆ ಇಟ್ಟುಕೊಂಡೆ.
ಹತ್ತೂ ಬೆರಳಿರುವ ಮುದುಕ ಈಗ ಒಬ್ಬನೇ ಕೂತು
ಯಾಕೆ ಸಿಳ್ಳೆ ಹಾಕುತ್ತಾನೋ
ನನಗೂ ಗೊತ್ತಿಲ್ಲ.