ಲೆಕ್ಕಕ್ಕೆ ಸಿಗದ ನೀರು

ತಿಂಗಳ ಕೊನೆಗೆ ನಾನು ತುಂಬಬೇಕಾದ ನಮೂನೆಯಲ್ಲಿ
ಹನ್ನೊಂದನೆಯ ಕಾಲಂಗೆ ಇದೇ ಹೆಸರು:
ಲೆಕ್ಕಕ್ಕೆ ಸಿಗದ ನೀರು.

ಅಷ್ಟು ದೂರದಿಂದ ಕರೆಂಟು ಕುಡಿಯುತ್ತ
ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹತ್ತಿ ಬಂದ ಕಾವೇರಿ
ದೊಡ್ಡಿಗುಂಟೆಯ ವಾಲ್ವು ದಾಟಿದ್ದೇ
ಮೂರರಲ್ಲೊಂದು ಪಾಲು
ಯಾವ ಮೀಟರಿಗೂ ಹೇಳದೆ ಎತ್ತಲೋ ಹೋಗುತ್ತದೆ.
ಬಿಲ್ಲಿಲ್ಲ, ಬಾಕಿಯಿಲ್ಲ,
ನೋಟೀಸು ಅಂಟಿಸೋಣವೆಂದರೆ ಬಾಗಿಲಿಲ್ಲ.
"ಎಲ್ಲಿ ಹೋಯ್ತ್ರೀ ಇಷ್ಟು?" ಸಾಹೇಬರು ಕೇಳುವುದು ನನ್ನನ್ನು,
ನಾನೇ ಸೆರಗಿನಲ್ಲಿ ಕಟ್ಟಿಕೊಂಡು ಹೋದ ಹಾಗೆ.

ಗೌಸ್ ಪೀರ್ ಹತ್ತಿರ ಒಂದು ಕಬ್ಬಿಣದ ಸರಳಿದೆ.
ರಾತ್ರಿ ಎರಡಕ್ಕೆ, ಬಸ್ಸುಗಳೆಲ್ಲ ಡಿಪೋ ಸೇರಿದ ಮೇಲೆ,
ಒಂದು ತುದಿ ಡಾಂಬರಿಗೆ, ಒಂದು ತುದಿ ಕಿವಿಗೆ,
ಸೂಲಗಿತ್ತಿಯ ತಾಳ್ಮೆಯಲ್ಲಿ ಬಗ್ಗಿ ನಿಲ್ಲುತ್ತಾನೆ.
ಒಮ್ಮೆ ನನಗೂ ಕೊಟ್ಟ: "ಕೇಳಿ ಮೇಡಂ."
ಕೇಳಿಸಿದ್ದು ನನ್ನದೇ ರಕ್ತ.
"ಅದಲ್ಲ. ಅದರ ಕೆಳಗೆ."
ಕೆಳಗೆ, ಹೌದು, ಯಾರೋ
ಹಲ್ಲಿನ ಸಂದಿಯಲ್ಲಿ ಸ್ಸ್ ಅನ್ನುತ್ತಿದ್ದರು.

ಎಸ್ಟಿಮೇಟು ಹೋಯಿತು. ಅಗೆತ, ಪೈಪು, ಜಾಯಿಂಟು,
ರಸ್ತೆ ಕಡಿದದ್ದಕ್ಕೆ ಪಾಲಿಕೆಗೆ ಶುಲ್ಕ;
ರಸ್ತೆ ಅವರದು, ಅದರ ಕೆಳಗಿನ ಕತ್ತಲು ನಮ್ಮದು.
ಹಣವಿರುವ ಶೀರ್ಷಿಕೆಯಲ್ಲಿ ಹೊಸ ಕೊಳವೆಗೆ ಮಾತ್ರ ಅವಕಾಶ.
ಸಾಲ ಕೊಟ್ಟವರಿಗೂ ಕಲ್ಲಿನ ಮೇಲೆ ಹೆಸರು ಬೇಕು,
ರಿಪೇರಿಗೆ ಯಾರು ಟೇಪು ಕತ್ತರಿಸುತ್ತಾರೆ?
ಕಡತ ಮೂರು ಸಲ ಮರಳಿ ಬಂತು,
ಮೂರು ಸಲವೂ ಹಸಿರು ಶಾಯಿಯಲ್ಲಿ "ಚರ್ಚಿಸಿ".
ಮಾರ್ಚಿ ಇಪ್ಪತ್ತೊಂಬತ್ತಕ್ಕೆ,
ಲ್ಯಾಪ್ಸಾಗಲಿದ್ದ ಹಣದ ತಳ ಕೆರೆದು, ಸಹಿಯಾಯಿತು.

ಅಗೆದರೆ, ಮೊಳದಷ್ಟು ದೂರದಲ್ಲಿ
ಒಳಚರಂಡಿಯ ಹಳೇ ಮಣ್ಣುಕೊಳವೆ.
ಬಿರುಕು, ಬಿರುಕಿನೊಳಗೆ ಹೊಂಗೆಯ ಬೇರು.
ಪಕ್ಕಪಕ್ಕ ಮಲಗಿದ ವಾರಗಿತ್ತಿಯರು
ಇಷ್ಟು ವರ್ಷ ಏನೇನು ಹಂಚಿಕೊಂಡರೋ.
ಪೀರ್ ಮೂಸಿ ನೋಡಿ ಮುಖ ತಿರುಗಿಸಿದ.
ಅದಕ್ಕೆ ಬೇರೆ ಶೀರ್ಷಿಕೆ, ಬೇರೆ ಕಡತ.
ಒಂದನ್ನು ಸರಿಮಾಡಿ ಎರಡಕ್ಕೂ ಮಣ್ಣೆಳೆದೆವು.

ಹನ್ನೊಂದನೆಯ ಕಾಲಂ ಇಳಿಯಿತು.
ಸಾಹೇಬರು ಎಲ್ಲರಿಗೂ ಕಾಫಿ ತರಿಸಿದರು.

ಹತ್ತು ದಿನಕ್ಕೆ ಕೌಂಟರಿನಲ್ಲಿ ಪಿಳ್ಳಮ್ಮ.
"ನಮ್ಮ ಸೇದೋ ಬಾವಿ ಒಣಗೋಯ್ತು ಕಣವ್ವ.
ನಮ್ಮತ್ತೆ ಕಾಲದಿಂದ ಬತ್ತಿದ್ದಿಲ್ಲ,
ಬೇಸ್ಗೇಲೂ ಬಿಂದಿಗೆ ಮುಳುಗ್ತಿತ್ತು.
ಗಂಗಮ್ಮಂಗೆ ವರ್ಷಾವರ್ಷ ಅರಿಶ್ಣ ಕುಂಕುಮ ಇಕ್ತಿದ್ವಿ.
ಏನ್ ತಪ್ಪಾಯ್ತೋ."
ಹದಿನಾಲ್ಕು ಮನೆ, ಒಂದೇ ಓಣಿ,
ಒಂದಕ್ಕೂ ಆರ್.ಆರ್. ನಂಬರಿಲ್ಲ.
ನಕ್ಷೆ ಬಿಡಿಸಿದೆ: ನಮ್ಮ ಗುಂಡಿಯಿಂದ ಬಾವಿಗೆ
ಇಪ್ಪತ್ತು ಹೆಜ್ಜೆ.

ಮಕ್ಕಳಿಗೆ ಭೇದಿ ಆಗುತ್ತಿತ್ತಾ, ಕೇಳಿದೆ.
"ಯಾರ ಮಕ್ಕಳಿಗೆ ಆಗಲ್ಲ" ಅಂದಳು.

ಠೇವಣಿ, ಮೀಟರಿನ ಬೆಲೆ, ಸಂಪರ್ಕ ಶುಲ್ಕ,
ತಿಂಗಳು ತಿಂಗಳು ನೀರಿನ ಜೊತೆ ಒಳಚರಂಡಿಯ ದರ.
ಅವಳು ಸೀರೆಯ ಗಂಟು ಮುಟ್ಟಿ ನೋಡಿಕೊಂಡಳು, ಬಿಚ್ಚಲಿಲ್ಲ.
ಅರ್ಜಿಯಲ್ಲಿ ಒಂದು ಖಾನೆ: ಈಗಿನ ನೀರಿನ ಮೂಲ.
"ಏನ್ ಬರೀಲವ್ವ?"
ಪೆನ್ನು ಇಸಕೊಂಡು ಬರೆದೆ: ಬಾವಿ.
ಹೊಡೆದುಹಾಕಿ ಬರೆದೆ: ಮಂಡಳಿ.
ಅದನ್ನೂ ಹೊಡೆದುಹಾಕಿ
ಹೊಸ ಅರ್ಜಿ ಕೊಟ್ಟೆ, ಹತ್ತು ರೂಪಾಯಿ ನಾನೇ ಹಾಕಿ.

ಪೀರ್‌ಗೆ ಹೇಳಿದೆ. ಸರಳು ಒರೆಸುತ್ತ ಅಂದ,
"ಗೊತ್ತಿತ್ತು. ಆ ಕಡೆ ಇಳಿಯೋದು ಕೇಳಿಸ್ತಿತ್ತು."
ಮತ್ತೆ ಹೇಳಲಿಲ್ಲ ಯಾಕೆ?
"ಎಲ್ಲಿ ಸೋರುತ್ತೆ ಅಂತ ಕೇಳಿದ್ರಿ ಮೇಡಂ.
ಎಲ್ಲಿಗೆ ಹೋಗುತ್ತೆ ಅಂತ ಯಾರೂ ಕೇಳಲಿಲ್ಲ."