ಒಂದೇ ಸಲಕ್ಕೆ ಬಿಗಿಯಬಾರದು

ದೋದೋ ಅಜ್ಜಿಯ ಪಿಯಾನೋ ಹನ್ನೆರಡು ವರ್ಷ ಯಾರೂ ಮುಟ್ಟಿಲ್ಲ.
ಮುಚ್ಚಳದ ಮೇಲೆ ಉಪ್ಪಿನಕಾಯಿ ಜಾಡಿ, ಸತ್ತ ಗಂಡನ ಕನ್ನಡಕ.
ರಿಯೋನಿ ಹೊಳೆಯ ತೇವಕ್ಕೆ
ಇಡೀ ವಾದ್ಯ ಅರ್ಧ ಸ್ವರ ಕೆಳಗೆ ಕೂತುಬಿಟ್ಟಿದೆ,
ತನ್ನಷ್ಟಕ್ಕೆ ತಾನು ಹೊಂದಿಕೊಂಡು, ಕೆಳಗೇ ಸುಖವಾಗಿ.

"ಮೇಲೆತ್ತೋಕಾಗುತ್ತಾ ಲಮಾರಾ?"
ಆಗುತ್ತೆ ಅಜ್ಜಿ. ತಂತಿ ತಡೆದರೆ.

ನಿನ್ನೆ ಇದೇ ಮಾತು ನನಗೂ ಬಂತು,
ಕುತಾಯಿಸಿಯ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ. ಲಿಫ್ಟ್ ಕೆಟ್ಟಿತ್ತು.
ನಲವತ್ತೆರಡು, ಅಂದಳು ಡಾಕ್ಟರ್ ತ್ಸಿಯಾಲಾ, ಕಾಗದ ನೋಡುತ್ತ.
ಸಕ್ಕರೆಗೆ ಮೂವತ್ತೊಂದು ವರ್ಷ.
ಮೂತ್ರದಲ್ಲಿ ಕೊಂಚ ಪ್ರೋಟೀನ್, ಕಣ್ಣಿನ ಹಿಂಬದಿಗೆ ಎರಡು ಚುಕ್ಕೆ.
ಎಂಟೂವರೆಯನ್ನು ಆರೂವರೆಗೆ ಇಳಿಸು, ಆಮೇಲೆ ಮಗುವಿನ ಮಾತು.
ಬೇಡ ಅನ್ನಲಿಲ್ಲ.
ಬೇಡ ಅಂದಿದ್ದರೆ ಮೆಟ್ಟಿಲಿಳಿಯುವುದು ಸಲೀಸಾಗುತ್ತಿತ್ತು.

ಹನ್ನೊಂದು ತುಂಬಿದ ಚಳಿಗಾಲ ನೆನಪಿದೆ:
ಊರಿಗೆ ಊರೇ ಕತ್ತಲು, ಔಷಧಿ ಅಂಗಡಿಯ ಕಪಾಟು ಬೋಳು.
ಅಪ್ಪ ಬತೂಮಿಯಿಂದ ಥರ್ಮಾಸಿನಲ್ಲಿ ಇನ್ಸುಲಿನ್ ತಂದ,
ಎರಡೇ ಸೀಸೆ, ಹಕ್ಕಿಮರಿ ಹಿಡಿದ ಹಾಗೆ ಹಿಡಿದುಕೊಂಡು.
ಪಕ್ಕದ ಮನೆಯವರು ಚಳಿ ತಾಳದೆ ಪಿಯಾನೋ ಒಡೆದು ಒಲೆಗಿಟ್ಟರು.
ಬೆಳಿಗ್ಗೆ ಬೂದಿಯೊಳಗೆ ತಂತಿಗಳು ಸುರುಳಿ ಬಿದ್ದಿದ್ದವು.
ಒಂದನ್ನು ಹೆಕ್ಕಿ ಕಿಟಕಿಯ ಮೊಳೆಗೆ ಬಿಗಿದು ಮೀಟಿದೆ.
ಕಸುಬು ಅಂದೇ ಹತ್ತಿತೇನೋ.
ಬೆರಳ ತುದಿ ಮಾತ್ರ ಆಗಲೇ ತೂತುತೂತಾಗಿತ್ತು.

ಮೂವತ್ತೊಂಬತ್ತಕ್ಕೆ ಮದುವೆ.
ಮಾಲ್ಖಾಜ್ ಒಳ್ಳೆಯವನು, ಮಾತು ಕಮ್ಮಿ.
ನಡುರಾತ್ರಿ ನನ್ನ ಮೈ ತಣ್ಣಗೆ ಬೆವರಿದರೆ
ದೀಪ ಹಾಕದೆಯೇ ಎದ್ದು, ಕತ್ತಲಲ್ಲೇ ತುಟಿಗೆ ಜೇನು ಸವರುತ್ತಾನೆ.
ಗುಟುಕು ಕೊಡುವುದನ್ನು ನನ್ನ ಮೇಲೆಯೇ ಕಲಿತ.
ಇಬ್ಬರು ಒಟ್ಟಿಗೇ ಅತ್ತ ರಾತ್ರಿ
ಮೊದಲು ಯಾರ ಬಾಯಿಗೆ?
ಕೇಳಿಲ್ಲ ಅವನನ್ನು. ಅವನೂ ನನ್ನನ್ನು ಏನೂ ಕೇಳಿಲ್ಲ.
ಈ ಸಲ ಆಲೂಗೆಡ್ಡೆ ಮೂಟೆಯನ್ನು ಮಾತ್ರ
ಎಂದಿನಂತೆ ಸಣ್ಣ ಕೋಣೆಗೆ ಹಾಕಲಿಲ್ಲ,
ಓಡಾಡುವ ದಾರಿಯಲ್ಲಿಟ್ಟಿದ್ದಾನೆ.
ಸಣ್ಣ ಕೋಣೆ ಗುಡಿಸಿದ ನೆಲದೊಡನೆ ಸುಮ್ಮನಿದೆ.

ದೇವರಿದ್ದಾನೆ ಅಂತಾಳೆ ಕೆಳಮನೆಯ ಗುಲಿಕೋ.
ಇರಲಿ. ಅವನು ದಿನಕ್ಕೆ ಏಳು ಸಲ ಬೆರಳು ಚುಚ್ಚಿಕೊಳ್ಳುತ್ತಾನಾ?
ಮಗುವಿಗೆ ಹತ್ತಾದಾಗ ನನಗೆ ಐವತ್ಮೂರು,
ಮೂತ್ರಪಿಂಡಕ್ಕೆ ಎಷ್ಟೋ ಯಾರಿಗೆ ಗೊತ್ತು.
ಲೆಕ್ಕ ಹಾಕುತ್ತೇನೆ, ಲೆಕ್ಕ ಸರಿಯಾಗಿಯೇ ಬರುತ್ತದೆ,
ಆದರೂ ಬಸ್ಸಿನಲ್ಲಿ ಯಾರದೋ ಕೂಸು
ನನ್ನ ಶ್ರುತಿಕವೆಯನ್ನು ಬಾಯಿಗೆ ತುರುಕಿಕೊಂಡಾಗ
ಕಸಿದುಕೊಳ್ಳಲು ಎರಡು ಸ್ಟಾಪು ತಡಮಾಡಿದೆ.

ಹಳೆ ತಂತಿಯನ್ನು ಒಂದೇ ಸಲಕ್ಕೆ ಬಿಗಿಯಬಾರದು.
ಹೊರಗೆ ತುಕ್ಕು ಕಾಣದಿದ್ದರೂ ಒಳಗೆ ದಣಿದಿರುತ್ತದೆ.
ಕಾಲು ಸ್ವರ ಏರಿಸಿ, ಬಿಟ್ಟು,
ಮರ ಆ ಭಾರವನ್ನು ಅರಗಿಸಿಕೊಳ್ಳುವ ತನಕ ಕಾಯಬೇಕು.
ಕಿತ್ತರೆ ನನ್ನ ಚೀಲದಲ್ಲಿ ಹೊಸದುಂಟು, ಅಜ್ಜಿಗೆ ಹೇಳುತ್ತೇನೆ.
ಹೇಳಿದ ಮೇಲೆ ನನ್ನ ನಾಲಿಗೆ ಒಣಗುತ್ತದೆ.

ಕೀಲಿ ತಿರುಗಿಸುವಾಗ ಮಂದ್ರದ ತಂತಿಯೊಂದು ಕಿರ್ ಎಂದಿತು.
ಅಜ್ಜಿ ಕಣ್ಣು ಮುಚ್ಚಿದಳು, ನಾನು ಉಸಿರು ಹಿಡಿದೆ.
ಕಿತ್ತುಹೋಗಲಿಲ್ಲ.
ಇವತ್ತಿಗಿಷ್ಟೇ, ಎರಡು ವಾರ ಬಿಟ್ಟು ಬರುತ್ತೇನೆ ಅಂದೆ.
ಅಜ್ಜಿ ದ್ರಾಕ್ಷಿರಸದಲ್ಲಿ ಅದ್ದಿದ ವಾಲ್‌ನಟ್ ಸರವನ್ನು
ಕಾಗದದಲ್ಲಿ ಸುತ್ತಿ ಕೊಟ್ಟಳು, ನನ್ನ ಕಾಯಿಲೆ ಗೊತ್ತಿದ್ದೂ.
"ನಿನಗಲ್ಲ," ಅಂದಳು. ಯಾರಿಗೆ ಅನ್ನಲಿಲ್ಲ.

ರಾತ್ರಿ ನೀರು ಕುಡಿಯಲೆದ್ದು
ಕತ್ತಲಲ್ಲಿ ಆ ಮೂಟೆಗೆ ಎಡವಿದೆ.
ಹೆಬ್ಬೆರಳು ಚುರ್ ಎಂದಿತು.
ಒಳ್ಳೆಯದೇ, ಬೆರಳಿಗೆ ಇನ್ನೂ ನೋವು ತಿಳಿಯುತ್ತದೆ.
ಮೂಟೆಯನ್ನು ಅಲ್ಲೇ ಬಿಟ್ಟೆ.